ಮುನ್ನೂರ ಹನ್ನೆರಡನೇ ಕಾರ್ಡು

ರಾತ್ರಿ ಹತ್ತೂವರೆ ಆಗಿತ್ತು. ಲೈಬ್ರರಿಗೆ ಬೀಗ ಹಾಕಿ, ಕಾಲೇಜಿನ ಹಿಂದಿನ ಗೇಟಿನ ಕಡೆ ಒಬ್ಬಳೇ ಹೊರಟಿದ್ದಳು ನಮ್ಮ ಸಣ್ಣಕ್ಕ. ಯಾರಿಗೋ ಆಗಿದ್ದು, ಎಲ್ಲೋ ಕೇಳಿದ್ದು ಅಂತ ತಿಳಿಯಬೇಡಿ. ಸಣ್ಣಕ್ಕ ನಮ್ಮ ದೊಡ್ಡಮ್ಮನ ಸ್ವಂತ ಮಗಳು. ಹನ್ನೊಂದು ವರ್ಷ ಆ ಲೈಬ್ರರಿಯಲ್ಲಿ ದುಡಿದವಳು. ತಾನಾಗಿ ಸುಳ್ಳು ಹೇಳುವ ಹೆಂಗಸಲ್ಲ. ಹೇಳಿದ್ದೆಲ್ಲ ಮೇಲಿನವರು ಹೇಳಿಸಿದ್ದು.

ಹಿಂದಿನ ಗೇಟಿಗೆ ಹೋಗುವ ದಾರಿ ಹಾಸ್ಟೆಲ್ ಬಾವಿಯ ಪಕ್ಕದಲ್ಲೇ. ಬಾವಿಯ ಮೇಲೆ ಕಬ್ಬಿಣದ ಜಾಲರಿ. ಜಾಲರಿಯ ಮೇಲೆ ಕೊಳೆತ ಎಲೆ, ಹರಿದ ಚಪ್ಪಲಿ, ಯಾರೋ ಎಸೆದ ಪ್ಲಾಸ್ಟಿಕ್ ಚೀಲ. ಅಲ್ಲಿ ಬಂದಾಗಲೆಲ್ಲ ಅವಳು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ದಾಪುಗಾಲು ಹಾಕುತ್ತಿದ್ದಳು. ಆ ರಾತ್ರಿಯೂ ಹಾಕಿದಳು. ಆಗ ಕೇಳಿಸಿತು...

ಸರ್ರ್...

ನಿಂತಳು. ಎಲೆ ಅಲ್ಲ. ಎಲೆ ನೆಲಕ್ಕೆ ಉಜ್ಜುತ್ತದೆ. ಇದು ಬೆರಳಿಗೆ ಸಿಕ್ಕು, ಮೇಲೆದ್ದು, ಮಗ್ಗುಲಾಗಿ ಬಿದ್ದ ಸದ್ದು. ಹಳೆ ಕಾಗದದ ಸದ್ದು ಯಾವುದು, ಹೊಸ ಕಾಗದದ್ದು ಯಾವುದು ಅಂತ ಕಣ್ಣು ಮುಚ್ಚಿಕೊಂಡು ಹೇಳಬಲ್ಲವಳು ಅವಳು. ಇದು ಹಳೆಯದು, ದಪ್ಪದ್ದು. ಒಳ್ಳೆ ಪುಸ್ತಕದ್ದು.

ಗಾಳಿ ಇರಬೇಕು ಅಂದುಕೊಂಡಳು. ಆದರೆ ಗಾಳಿ ಸುಮ್ಮನೆ ಪಟಪಟ ಅನ್ನಿಸುತ್ತದೆ. ಗಾಳಿಗೆ ಓದಲು ಬರುವುದಿಲ್ಲ. ಒಂದು ಪುಟ ಓದಲು ಎಷ್ಟು ಹೊತ್ತು ಬೇಕೋ ಸರಿಯಾಗಿ ಅಷ್ಟು ಹೊತ್ತು ಬಿಟ್ಟು... ಮತ್ತೆ ಸರ್ರ್. ಆಮೇಲೆ ಅಂಟಿಕೊಂಡ ಹಾಳೆಯನ್ನು ಅಂಚಿನಲ್ಲಿ ಸೀಳಿದ ಹಾಗೆ ಒಂದು ಸಣ್ಣ ಪರ್ರ್...

ಟಾರ್ಚ್ ಆ ಕಡೆ ತಿರುಗಿಸುವ ಧೈರ್ಯ ಬರಲಿಲ್ಲ. ಮನೆ ಮುಟ್ಟಿದಾಗ ಒಂದು ಚಪ್ಪಲಿ ಕಾಲಲ್ಲಿರಲಿಲ್ಲ.

ಅಷ್ಟು ಹೊತ್ತಿನವರೆಗೆ ಲೈಬ್ರರಿಯಲ್ಲಿ ಏನು ಮಾಡುತ್ತಿದ್ದಳು ಅಂತ ಕೇಳಿ. ಅದನ್ನು ಹೇಳಲು ನನಗೆ ದೆವ್ವದ ಮಾತು ಆಡುವುದಕ್ಕಿಂತ ಹೆಚ್ಚು ಮುಜುಗರ.

ಅದು ಸಣ್ಣ ಕಾಲೇಜು. ಸಾಹಿತ್ಯ, ಇತಿಹಾಸ, ತತ್ವಶಾಸ್ತ್ರ, ಸಂಗೀತ, ಒಂದಿಷ್ಟು ವಿಜ್ಞಾನ, ಎಲ್ಲವನ್ನೂ ಬೆರೆಸಿ ಕಲಿಸಿ ಮಕ್ಕಳನ್ನು ಪೂರ್ತಿ ಮನುಷ್ಯರನ್ನಾಗಿ ಮಾಡುತ್ತೇವೆ ಅಂತ ಅವರ ಹೊಳಪು ಕಾಗದದ ಪುಸ್ತಿಕೆಯಲ್ಲಿ ಬರೆದಿತ್ತು. ಒಂಬತ್ತು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರು. ಮಧ್ಯರಾತ್ರಿವರೆಗೆ ತೆರೆದಿರುವ ಲೈಬ್ರರಿ. ಬರವಣಿಗೆ ಕಲಿಸಲು ಪ್ರತ್ಯೇಕ ಕೇಂದ್ರ. ಸಂಗೀತಕ್ಕೆ ಕೋಣೆ. ಓದಿದರೆ ನಿಮಗೂ ಸೇರಿಬಿಡೋಣ ಅನ್ನಿಸುತ್ತದೆ. ಅಲ್ಲಿ ಹೋಗಿ ನೋಡಿದರೆ ಬರವಣಿಗೆ ಕೇಂದ್ರದಲ್ಲಿ ಕಾಲು ಮುರಿದ ಬೆಂಚುಗಳು ಛಾವಣಿಯವರೆಗೆ. ಸಂಗೀತದ ಕೋಣೆಯ ಪಿಯಾನೋ ಒತ್ತಿದರೆ ಸ್ವರಕ್ಕಿಂತ ಮೊದಲು ಜಿರಳೆ ಹೊರಗೆ ಬರುತ್ತಿತ್ತು. ಒಬ್ಬ ಅಧ್ಯಾಪಕರು ಮೂರು ವಿಷಯ ಕಲಿಸುತ್ತಿದ್ದರು, ಮೂರನ್ನೂ ಒಂದೇ ನೋಟ್ಸಿನಿಂದ. ಲೈಬ್ರರಿ ಸಂಜೆ ಐದಕ್ಕೆ ಬಂದ್, ಯಾಕೆಂದರೆ ಮುಖ್ಯ ಗ್ರಂಥಪಾಲಕರ ಬಸ್ಸು ಐದೂ ಹತ್ತಕ್ಕೆ.

ಆ ಗ್ರಂಥಪಾಲಕರಿಗೆ ಹುಡುಗರು ಇಟ್ಟ ಹೆಸರು ಬೀಗದಕೈ. ಸೊಂಟದಲ್ಲಿ ಸದಾ ಕೀಗೊಂಚಲು. ನಡೆದರೆ ಝಣ್ ಝಣ್. ಲೈಬ್ರರಿಯ ಒಳಕೋಣೆಯಲ್ಲಿ ನಾಲ್ಕು ಗಾಜಿನ ಕಪಾಟುಗಳಿದ್ದವು. ಹಿಂದೆ ಯಾರೋ ಒಬ್ಬ ಓದುಗ ಪುಣ್ಯಾತ್ಮ ತನ್ನ ಜೀವಮಾನದ ಪುಸ್ತಕಗಳನ್ನೆಲ್ಲ ಕಾಲೇಜಿಗೆ ಕೊಟ್ಟಿದ್ದ. ಒಂದೊಂದೂ ಚಿನ್ನದಂಥ ಪುಸ್ತಕ. ಕೆಲವಕ್ಕೆ ಅಚ್ಚಾಗಿ ಬಂದಾಗ ಅಂಟಿಕೊಂಡೇ ಇದ್ದ ಹಾಳೆಗಳ ಅಂಚನ್ನೂ ಇನ್ನೂ ಯಾರೂ ಸೀಳಿ ಬಿಡಿಸಿರಲಿಲ್ಲ. ಬೀಗದಕೈ ಅವನ್ನು ಯಾರಿಗೂ ಕೊಡುತ್ತಿರಲಿಲ್ಲ.

"ಹುಡುಗರ ಕೈಗೆ ಹೋದ್ರೆ ಕೊಳೆ ಆಗುತ್ತೆ. ಆಮೇಲೆ ಬಂದವರಿಗೆ ತೋರಿಸೋಕೆ ಏನಿರುತ್ತೆ?" ಅನ್ನುತ್ತಿದ್ದರು.

ಯಾರಾದರೂ ಚೀಟಿ ಬರೆದು ಆ ಪುಸ್ತಕ ಕೇಳಿದರೆ, ಚೀಟಿಯ ಮೇಲೆ 'ಇಲ್ಲ' ಅಂತ ಬರೆದು ವಾಪಸ್ ಕೊಡುವುದು ಸಣ್ಣಕ್ಕನ ಕೆಲಸ. ಅವರ ಕಾರ್ಡಿನ ಹಿಂದೆಯೂ ಅದನ್ನೇ ಬರೆಯಬೇಕು. ಗಾಜಿನ ಆಚೆ ಪುಸ್ತಕ ಕಣ್ಣಿಗೆ ರಾಚುತ್ತಿರುತ್ತದೆ. ಈಚೆ ಇವಳು 'ಇಲ್ಲ' ಅಂತ ಬರೆಯುತ್ತಿರುತ್ತಾಳೆ. ಥೂ ಅನ್ನಿಸುತ್ತದೆ ಅಲ್ಲವೇ. ಅವಳಿಗೂ ಮೊದಮೊದಲು ಅನ್ನಿಸಿತ್ತು. ಆಮೇಲೆ ಕೈಗೆ ರೂಢಿಯಾಯಿತು.

ಹನ್ನೊಂದು ವರ್ಷವಾದರೂ ಅವಳದು ಹಂಗಾಮಿ ಕೆಲಸ. ಪ್ರತಿ ವರ್ಷ ರಜೆ ಮುಗಿದ ಮೇಲೆ ಪ್ರಿನ್ಸಿಪಾಲರ ಬಾಗಿಲಲ್ಲಿ ನಿಂತು, ಈ ವರ್ಷವೂ ಇಟ್ಟುಕೊಳ್ಳಿ ಅಂತ ಹಲ್ಲು ಗಿಂಜಬೇಕು. ಕಾಯಂ ಆದವರಿಗೆ ಕುರ್ಚಿ, ಹಂಗಾಮಿಗಳಿಗೆ ಸ್ಟೂಲು. ಹನ್ನೊಂದು ವರ್ಷ ಸ್ಟೂಲಿನ ಮೇಲೆ ಕೂತು ಅವಳ ಬೆನ್ನು ಬಾಗಿತ್ತು. ಬೆನ್ನು ಆನಿಸಿ ಕೂರುವ ಒಂದು ಕುರ್ಚಿ, ಮುಂದಿನ ವರ್ಷವೂ ನಾನಿಲ್ಲೇ ಅನ್ನುವ ಒಂದು ನೆಮ್ಮದಿ. ಅವಳಿಗೆ ಬೇಕಾಗಿದ್ದು ಅಷ್ಟೇ.

ಆ ವರ್ಷ ಕಾಲೇಜಿಗೆ ತಪಾಸಣೆಯವರು ಬರುವವರಿದ್ದರು. ಅವರು ಕೊಡುವ ದರ್ಜೆಯ ಮೇಲೆ ಕಾಲೇಜಿನ ಉಸಿರು. ಈ ಸಲ ಹೊಸ ನಿಯಮ ಬೇರೆ. ಎಷ್ಟು ಪುಸ್ತಕ ಇವೆ ಅನ್ನುವುದಲ್ಲ, ಎಷ್ಟು ಓದಿದ್ದಾರೆ ಅಂತ ನೋಡುತ್ತಾರಂತೆ. ಪುಸ್ತಕದ ಕೊನೆಯ ರಟ್ಟಿನ ಒಳಗೆ ತಾರೀಕಿನ ಚೀಟಿ ಅಂಟಿಸಿರುತ್ತಾರಲ್ಲ, ಅದನ್ನು ತೆಗೆದು ನೋಡುತ್ತಾರಂತೆ. ಕಾರ್ಡಿನ ನಂಬರ್, ತೆಗೆದುಕೊಂಡ ದಿನ, ವಾಪಸ್ ಕೊಟ್ಟ ದಿನ. ಗಾಜಿನ ಕಪಾಟಿನ ಪುಸ್ತಕಗಳಲ್ಲಿ ಆ ಚೀಟಿ ವಿಧವೆಯ ಹಣೆಯಷ್ಟು ಖಾಲಿ.

ಪ್ರಿನ್ಸಿಪಾಲರು ಬೀಗದಕೈಯನ್ನೂ ಸಣ್ಣಕ್ಕನನ್ನೂ ಕರೆಸಿದರು. ಯಾವಾಗಲೂ ನಗುಮುಖ ಅವರದು. ಬೈಯುವಾಗ ಇನ್ನೂ ಚೆನ್ನಾಗಿ ನಗುತ್ತಿದ್ದರು.

"ಎರಡು ವರ್ಷದಿಂದ ಮಕ್ಕಳು ಓದಿ ಓದಿ ಇಟ್ಟ ಹಾಗೆ ಕಾಣ್ಬೇಕು. ಸೀಲು ನಿಮ್ಮ ಕೈಲೇ ಇದೆಯಲ್ಲ," ಅಂದರು. ಆಮೇಲೆ ಸಣ್ಣಕ್ಕನ ಕಡೆ ತಿರುಗಿ, "ನಿಮ್ಮ ಕಾಯಂ ಪತ್ರ ಟೈಪ್ ಮಾಡಿಸಿಟ್ಟಿದೀನಿ. ತಪಾಸಣೆ ದಿನ ಕೈಗೆ ಕೊಡ್ತೀನಿ. ಏನೂ ಎಡವಟ್ಟಾಗದೆ ಇದ್ರೆ," ಅಂದರು.

ಹೊರಗೆ ಬಂದ ಮೇಲೆ ಬೀಗದಕೈ ಉಪಾಯ ಹೇಳಿಕೊಟ್ಟರು. "ಈಗಿನ ಹುಡುಗರ ನಂಬರ್ ಹಾಕ್ಬೇಡಮ್ಮ. ಕರೆದು ಕೇಳಿದ್ರೆ ಬಾಯಿ ಬಿಟ್ಟುಬಿಡ್ತಾರೆ. ಮಧ್ಯದಲ್ಲಿ ಬಿಟ್ಟು ಹೋದವರ ಕಾರ್ಡಿನ ಡಬ್ಬಿ ಇದೆಯಲ್ಲ, ಅದರಿಂದ ತಗೋ."

ಸರಿ. ಐದು ಗಂಟೆಗೆ ಬೀಗದಕೈ ಒಂದು ಕಪಾಟು ತೆಗೆದಿಟ್ಟು ಬಸ್ಸಿಗೆ ಹೊರಡುವುದು, ಇವಳು ಕೂತು ಸುಳ್ಳು ಸೀಲು ಒತ್ತಿ, ಹೊರಡುವಾಗ ಕಪಾಟಿನ ಬೀಗ ಅಮುಕುವುದು. ಚೀಟಿ ಅಂಟಿಸುವ ಹಿಟ್ಟಿನ ಅಂಟು ಹುಳಿತು ನಾರುತ್ತಿತ್ತು. ಅದರಲ್ಲಿ ಸತ್ತ ಇರುವೆಗಳು. ಬೆರಳ ತುಂಬ ನೇರಳೆ ಶಾಯಿ, ತೊಳೆದರೂ ಹೋಗದು. ತಾರೀಕಿನ ಗಾಲಿ ತಿರುಗಿಸುವುದು, ಟಪ್. ಇನ್ನೊಂದು ತಾರೀಕು, ಟಪ್. ಯಾರೂ ಮುಟ್ಟದ ಪುಸ್ತಕಕ್ಕೆ ಐದು ಜನ ಓದುಗರು. ಊಟದ ಡಬ್ಬಿ ತೆಗೆದರೆ ಅನ್ನಕ್ಕೂ ಅದೇ ಅಂಟಿನ ವಾಸನೆ.

ಮೊದಲ ಮೂರು ಕಪಾಟಿಗೆ ಜಾಣತನದಿಂದ ನಂಬರ್ ಬದಲಿಸಿ ಬದಲಿಸಿ ಬರೆದಳು. ನಾಲ್ಕನೆಯದು ತತ್ವಶಾಸ್ತ್ರ ಮತ್ತು ಇತಿಹಾಸದ್ದು, ನೂರ ನಲವತ್ತು ಪುಸ್ತಕ. ಅಷ್ಟು ಹೊತ್ತಿಗೆ ಕಣ್ಣು ಎಳೆಯುತ್ತಿತ್ತು. ಕೈಗೆ ಸಿಕ್ಕ ಒಂದೇ ಕಾರ್ಡು ನೋಡಿಕೊಂಡು, ಪ್ರತಿ ಚೀಟಿಯ ಕೊನೆ ಸಾಲಿಗೂ ಒಂದೇ ನಂಬರ್ ಎಳೆದಳು. ಮುನ್ನೂರ ಹನ್ನೆರಡು, ಮುನ್ನೂರ ಹನ್ನೆರಡು. ತೆಗೆದುಕೊಂಡ ದಿನದ ಸೀಲೂ ಬಿತ್ತು. ವಾಪಸ್ ಬಂದ ದಿನದ ಸೀಲು ನಾಳೆ ಒತ್ತಿದರಾಯಿತು, ಶಾಯಿ ಒಣಗಲಿ ಅಂತ ಬಿಟ್ಟಳು.

ನಮಗೆ ನಿಮಗೆ ಇದು ದೊಡ್ಡ ವಿಷಯ ಅನ್ನಿಸದು. ಲೈಬ್ರರಿಯವರಿಗೆ ಗೊತ್ತು. ತೆಗೆದುಕೊಂಡ ದಿನ ಬಿದ್ದು, ವಾಪಸ್ ದಿನ ಬೀಳದ ಪುಸ್ತಕ ಲೈಬ್ರರಿಯದ್ದಲ್ಲ. ಅದು ಓದುಗರ ಕೈಯಲ್ಲಿದೆ ಅಂತ ಅರ್ಥ.

ಬಾವಿಯ ಹತ್ತಿರ ಸದ್ದು ಕೇಳಿದ್ದು ಆ ರಾತ್ರಿಯೇ.

ಬೆಳಿಗ್ಗೆ ಲೈಬ್ರರಿ ತೆಗೆದರೆ, ಓದುವ ಮೇಜಿನ ಮೇಲೆ ಮೂರು ಪುಸ್ತಕ. ನಾಲ್ಕನೇ ಕಪಾಟಿನವು. ಕಪಾಟಿಗೆ ಬೀಗ ಹಾಕಿದ್ದು ಹಾಗೇ ಇದೆ. ಕೀ ಬೀಗದಕೈಯ ಸೊಂಟದಲ್ಲಿ. ಬಿಡಿಸದೆ ಇದ್ದ ಹಾಳೆಗಳ ಅಂಚನ್ನು ಒಂದೊಂದಾಗಿ ನೀಟಾಗಿ ಸೀಳಿದ್ದಾರೆ. ಅಂಚಿನ ಬಿಳಿ ಜಾಗದಲ್ಲಿ ಪೆನ್ಸಿಲಿನಿಂದ ಸಣ್ಣ, ಬಲಕ್ಕೆ ವಾಲಿದ ಅಕ್ಷರ. ಮನುಷ್ಯನಿಗೆ ಇರುವುದರಲ್ಲೇ ತೃಪ್ತಿ ಬೇಕು ಅಂತ ಯಾರೋ ಮಹಾನುಭಾವ ಬರೆದಿದ್ದರ ಪಕ್ಕದಲ್ಲಿ, "ಇವರು ಹುಡುಗೀರ ಹಾಸ್ಟೆಲಲ್ಲಿ ಇದ್ದು ನೋಡಲಿ" ಅಂತ ಬರೆದಿತ್ತು.

ಬೀಗದಕೈ ಉರಿದುಬಿದ್ದರು. "ಯಾರಿಗೆ ಕೊಟ್ಟೆ ಕೀ?"

"ಕೀ ನಿಮ್ಮ ಸೊಂಟದಲ್ಲೇ ಇದೆಯಲ್ಲ ಸಾರ್."

ಅವರು ಸೊಂಟ ಮುಟ್ಟಿ ನೋಡಿಕೊಂಡರು. ಝಣ್ ಅಂದಿತು. "ರಬ್ಬರ್ ತಗೊಂಡು ಉಜ್ಜು ಇದನ್ನ," ಅಂದು ಹೊರಟುಹೋದರು.

ಸಣ್ಣಕ್ಕ ಉಜ್ಜಲು ಕೂತಳು. ಉಜ್ಜುತ್ತಾ ಉಜ್ಜುತ್ತಾ ಕೈ ನಿಂತಿತು. ಆ ವಾಲಿದ ಅಕ್ಷರವನ್ನು ಎಲ್ಲೋ ನೋಡಿದ್ದೇನೆ... ಡಬ್ಬಿ ತೆಗೆದು ಮುನ್ನೂರ ಹನ್ನೆರಡನೇ ಕಾರ್ಡು ಹುಡುಕಿದಳು. ಕಾರ್ಡಿನ ಕೆಳಗೆ ಸಹಿ. ಅದೇ ವಾಲು. ಕಾರ್ಡು ತಿರುಗಿಸಿದರೆ ಹಿಂದೆ ಸಾಲಾಗಿ ಏಳು ಸಲ 'ಇಲ್ಲ', 'ಇಲ್ಲ', 'ಇಲ್ಲ'. ಅದು ಸಣ್ಣಕ್ಕನದೇ ಬರಹ.

ಹುಡುಗಿ ನೆನಪಾದಳು.

ನಾಲ್ಕು ವರ್ಷದ ಹಿಂದೆ ಹಾಸ್ಟೆಲಿನಲ್ಲಿದ್ದವಳು. ಸಣಕಲು ಮೈ. ಲೈಬ್ರರಿ ಅಂದರೆ ಪಿಸುಮಾತು ಅಂತ ಯಾರೋ ಹೇಳಿಕೊಟ್ಟಿದ್ದನ್ನು ಅಷ್ಟೂ ಜನರಲ್ಲಿ ಅವಳೊಬ್ಬಳೇ ಪಾಲಿಸುತ್ತಿದ್ದಳು. ಬಂದರೆ ಕೈಯಲ್ಲೊಂದು ಚೀಟಿ. ಒಮ್ಮೆ ಗಾಜಿಗೆ ಮೂಗು ತಾಗಿಸಿ, "ಅಕ್ಕ... ಒಳಗೆ ಕಾಣ್ತಿದೆಯಲ್ಲ?" ಅಂತ ಕೇಳಿದ್ದಳು.

"ಕಾಣೋದು ಬೇರೆ, ಇರೋದು ಬೇರೆ," ಅಂದಿದ್ದಳು ಸಣ್ಣಕ್ಕ. ಆ ಮಾತು ತುಂಬಾ ಚೆನ್ನಾಗಿ ಬಂತು ಅಂತ ಅವತ್ತು ತನಗೇ ಖುಷಿಯಾಗಿತ್ತಂತೆ. ಇದನ್ನು ನನಗೆ ಹೇಳುವಾಗ ತನ್ನ ಬಾಯಿಯ ಮೇಲೆ ತಾನೇ ಹೊಡೆದುಕೊಂಡಳು.

ಆ ವರ್ಷ ಹಾಸ್ಟೆಲಿನ ನೀರು ವಾಸನೆ ಬರುತ್ತಿದೆ ಅಂತ ಹುಡುಗಿಯರು ದೂರು ಕೊಟ್ಟರು. ವಾರ್ಡನ್ ಒಂದು ಹಿಡಿ ಬ್ಲೀಚಿಂಗ್ ಪುಡಿ ಹಾಕಿಸಿ ಕೈ ತೊಳೆದುಕೊಂಡಳು. ಮತ್ತೆ ದೂರು ಕೊಟ್ಟರು. ಮೂಗು ಸೂಕ್ಷ್ಮವಾಗಿದ್ದರೆ ಮನೆಗೆ ಹೋಗಿ ಅಂದರು. ಕೊನೆಗೆ ಒಬ್ಬ ಪ್ಲಂಬರ್ ಬಾವಿಗೆ ಇಳಿದು ನೋಡಿದರೆ ಅಲ್ಲಿ ನಾಯಿ ಸತ್ತು ಬಿದ್ದು ಎಷ್ಟು ದಿನವಾಗಿತ್ತೋ, ಬಕೆಟ್‌ನಲ್ಲಿ ತುಂಡು ತುಂಡಾಗಿ ಎತ್ತಬೇಕಾಯಿತು. ಅದೇ ನೀರನ್ನು ಅಷ್ಟೂ ಮಕ್ಕಳು ಕುಡಿದಿದ್ದರು. ಹನ್ನೆರಡು ಮಂದಿ ಮಲಗಿದರು. ಒಬ್ಬಳು ಏಳಲಿಲ್ಲ. ಮಾತು ಹೊರಗೆ ಹೋಗಬಾರದು ಅಂತ ಕಾಲೇಜಿನ ದಾಖಲೆಯಲ್ಲಿ 'ಮಧ್ಯದಲ್ಲಿ ಬಿಟ್ಟವರು' ಅಂತ ಬರೆದರು. ಅವಳ ಕಾರ್ಡನ್ನು ಆ ಡಬ್ಬಿಗೆ ಹಾಕಿದವಳು ಸಣ್ಣಕ್ಕನೇ. ಬಾವಿಗೆ ಜಾಲರಿ ಹಾಕಿಸಿದ್ದಷ್ಟೇ ಆದದ್ದು.

ಮಾರನೇ ಬೆಳಿಗ್ಗೆ ಮೇಜಿನ ಮೇಲೆ ಐದು ಪುಸ್ತಕ. ಆಮೇಲೆ ಎಂಟು. ಉಜ್ಜಿದ ಪೆನ್ಸಿಲ್ ಗೆರೆಗಳು ಮೊದಲಿಗಿಂತ ದಟ್ಟವಾಗಿ ಮತ್ತೆ ಎದ್ದಿದ್ದವು. ವಾಪಸ್ ಸೀಲು ಒತ್ತಿಬಿಟ್ಟರೆ ಮುಗಿಯಿತು ಅಂತ ಸಣ್ಣಕ್ಕ ಎರಡು ಸಲ ಕೈ ಎತ್ತಿದಳಂತೆ. ಎರಡೂ ಸಲ ಸೀಲು ಕಾಗದದ ಮೇಲೆ ಬೀಳುವ ಮೊದಲೇ ತನ್ನ 'ಇಲ್ಲ' ಕಣ್ಣ ಮುಂದೆ ಬಂತಂತೆ. ಇಟ್ಟುಬಿಟ್ಟಳು.

ತಪಾಸಣೆಯ ಹಿಂದಿನ ದಿನ ಸಂಜೆ ನಾಲ್ಕನೇ ಕಪಾಟಿನ ಬೀಗ ತೆಗೆದರೆ ಒಳಗೆ ಏನೂ ಇಲ್ಲ. ನೂರ ನಲವತ್ತು ಪುಸ್ತಕ, ಒಂದೂ ಇಲ್ಲ. ಧೂಳಿನ ಮೇಲೆ ಪುಸ್ತಕ ನಿಂತಿದ್ದ ಗುರುತು ಮಾತ್ರ ಸಾಲಾಗಿ ಇತ್ತು.

ಪ್ರಿನ್ಸಿಪಾಲರು ಬಂದು ನೋಡಿದರು. ನಗು ಹಾಗೇ ಇತ್ತು. "ಬೆಳಿಗ್ಗೆ ಎಂಟಕ್ಕೆ ಇಲ್ಲಿ ಪುಸ್ತಕ ಇರ್ಬೇಕು. ಇಲ್ದಿದ್ರೆ ಕಾಯಂ ಪತ್ರದ ಬದಲು ಕಳ್ಳತನದ ದೂರು ಟೈಪ್ ಮಾಡಿಸ್ತೀನಿ. ನಿಮ್ಮ ಹೆಸರಲ್ಲಿ."

ಬೀಗದಕೈ ಐದೂ ಹತ್ತರ ಬಸ್ಸಿಗೆ ಹೋದರು.

ಸಣ್ಣಕ್ಕನಿಗೆ ಪುಸ್ತಕ ಎಲ್ಲಿದೆ ಅಂತ ಗೊತ್ತಿತ್ತು. ಹತ್ತು ಗಂಟೆಯವರೆಗೆ ಸ್ಟೂಲಿನ ಮೇಲೆ ಕೂತಿದ್ದಳು. ಆಮೇಲೆ ಎದ್ದು ಹೋದಳು.

ಬಾವಿಯ ಹತ್ತಿರ ಆ ರಾತ್ರಿ ಗಬ್ಬು ಇರಲಿಲ್ಲ. ಹಳೆ ಪುಸ್ತಕದ ವಾಸನೆ ಇತ್ತು. ಟಾರ್ಚ್ ಆರಿಸಿದಳು. ಕತ್ತಲಲ್ಲಿ ಎರಡು ಸದ್ದು. ಸರ್ರ್... ಹಾಳೆ. ಕರ್ ಕರ್ ಕರ್... ಪೆನ್ಸಿಲ್. ಸದ್ದು ಬಾವಿಯ ಒಳಗಿನಿಂದ ಬರುತ್ತಿರಲಿಲ್ಲ. ಕಟ್ಟೆಯ ಆ ಬದಿಯಿಂದ ಬರುತ್ತಿತ್ತು, ಯಾರೋ ಕಟ್ಟೆಗೆ ಒರಗಿ ನೆಲದ ಮೇಲೆ ಕೂತ ಹಾಗೆ. ಮೂರು ಹೆಜ್ಜೆ ಹಾಕಿದ್ದರೆ ಕಾಣುತ್ತಿತ್ತು. ಹಾಕಲಿಲ್ಲ.

"ಮುನ್ನೂರ ಹನ್ನೆರಡು..." ಅಂತ ಪಿಸುಗುಟ್ಟಿದಳು.

ಪೆನ್ಸಿಲ್ ನಿಂತಿತು.

"ಅಕ್ಕ... ವಾಪಸ್ ಕೊಡೋ ದಿನ ಬಂತಾ?" ಅದೇ ಪಿಸುಮಾತು. ಲೈಬ್ರರಿಯದು.

ಸಣ್ಣಕ್ಕ ಕತ್ತಲಿಗೆ ಹೇಳಿದಳು. "ಇಲ್ಲ... ತಾರೀಕು ಹಾಕಿಲ್ಲ."

"ನೋಡ್ದೆ. ಅದಕ್ಕೇ ನಿಧಾನಕ್ಕೆ ಓದ್ತಿದೀನಿ."

ಸಣ್ಣಕ್ಕ ಬೇಡಿಕೊಂಡಳು.

"ನಾಳೆ ಒಂದು ದಿನಕ್ಕೆ ಕೊಡು. ಕೊಡದಿದ್ರೆ ನನ್ನ ಕೆಲಸ ಹೋಗುತ್ತೆ. ಕಳ್ಳಿ ಅಂತಾರೆ."

"ನಾಳೆ ಯಾರು ಓದ್ತಾರೆ?"

"ಯಾರೂ ಓದಲ್ಲ... ನೋಡ್ತಾರೆ."

"ನೋಡಿದ ಮೇಲೆ?"

"ನಿನ್ನ ಹೆಸರಲ್ಲೇ ಇರುತ್ತೆ. ವಾಪಸ್ ಸೀಲು ನಾನು ಹಾಕಲ್ಲ. ನಿನ್ನಾಣೆ."

ಹಾಳೆಯೊಂದು ಮಡಚಿದ ಸದ್ದು. ಪುಸ್ತಕ ಮುಚ್ಚಿದ ಸದ್ದು, ಧಪ್.

"ಆಗ್ಲಿ ಅಕ್ಕ." ಆಮೇಲೆ, ಬಹಳ ಮೆಲ್ಲಗೆ, "ಅಕ್ಕ... ಈ ನೀರು ಕುಡೀಬೇಡಿ. ಬಾವಿ ಇನ್ನೂ ತೊಳೆದಿಲ್ಲ ಅವರು."

ಸಣ್ಣಕ್ಕ ಆ ದಿನ ಮಧ್ಯಾಹ್ನ ಕೂಡ ಲೈಬ್ರರಿಯ ನಲ್ಲಿಯಲ್ಲಿ ಅದೇ ಬಾವಿಯ ನೀರು ಕುಡಿದಿದ್ದಳು. ನಾಲ್ಕು ವರ್ಷ ದಿನಾ ಕುಡಿದಿದ್ದಳು. ಗೇಟಿನವರೆಗೆ ಹೇಗೋ ಹೋಗಿ, ಕಂಬ ಹಿಡಿದುಕೊಂಡು, ಕರುಳು ಹೊರಬರುವ ಹಾಗೆ ವಾಂತಿ ಮಾಡಿದಳು.

ಬೆಳಿಗ್ಗೆ ನಾಲ್ಕನೇ ಕಪಾಟು ತುಂಬಿತ್ತು. ಒಂದೊಂದು ಪುಸ್ತಕವೂ ಅದರದರ ಜಾಗದಲ್ಲಿ. ಬೀಗದಕೈ ಸಣ್ಣಕ್ಕನನ್ನು ಓರೆಗಣ್ಣಿನಿಂದ ನೋಡಿ, "ಎಲ್ಲಿ ಬಚ್ಚಿಟ್ಟಿದ್ದೆ?" ಅಂದರು. ಅವಳು ಹೋಗಿ ಸ್ಟೂಲಿನ ಮೇಲೆ ಕೂತಳು.

ತಪಾಸಣೆಯವರು ಮೂವರು. ಇಬ್ಬರು ಗಂಡಸರು, ಒಬ್ಬ ದಪ್ಪ ಕನ್ನಡಕದ ಹೆಂಗಸು. ಅವರ ಮುಂದೆ ಮೊಹರು ಒಡೆಯದ ಬಾಟಲಿ ನೀರು ಇಟ್ಟಿದ್ದರು. ಪ್ರಿನ್ಸಿಪಾಲರೂ ಅದನ್ನೇ ಕುಡಿಯುತ್ತಿದ್ದರು. ಸಣ್ಣಕ್ಕ ಅದನ್ನು ಆವತ್ತು ಮೊದಲ ಸಲ ಗಮನಿಸಿದಳು. ನಾಲ್ಕು ವರ್ಷದಿಂದಲೂ ಅವರು ಬಾಟಲಿ ನೀರೇ ಕುಡಿಯುತ್ತಿದ್ದರು.

ಗಂಡಸರು ಗಾಜು ನೋಡಿ ತಲೆಯಾಡಿಸಿದರು. ಕನ್ನಡಕದ ಹೆಂಗಸು ಒಂದು ಪುಸ್ತಕ ತೆಗೆದು, ನಿಂತಲ್ಲೇ ಓದತೊಡಗಿದರು. ಅಂಚಿನ ಬರಹವನ್ನು. ಇನ್ನೊಂದು ತೆಗೆದರು. ಮತ್ತೊಂದು. ಒಂದು ಕಡೆ ನಕ್ಕರು. ಒಂದು ಕಡೆ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಹಿಂದಿನ ರಟ್ಟು ತೆರೆದು ಚೀಟಿ ನೋಡಿದರು.

"ಮುನ್ನೂರ ಹನ್ನೆರಡು. ಇದರಲ್ಲೂ ಅದೇ. ಇಷ್ಟನ್ನೂ ಒಬ್ಬಳೇ ಓದಿದಾಳಾ? ನಾನು ನೋಡ್ಬೇಕಲ್ಲ ಈ ಹುಡುಗೀನ."

ಪ್ರಿನ್ಸಿಪಾಲರು ಕಣ್ಣು ಪಿಳುಕಿಸಲಿಲ್ಲ. "ನಮ್ಮ ಕಾಲೇಜಿನ ಹೆಮ್ಮೆ ಮೇಡಂ ಅವಳು. ಮೇಲಿನ ಓದಿಗೆ ಹೋಗಿದಾಳೆ. ನಮ್ಮನೆ ಮಗಳ ಥರ ನೋಡ್ಕೊಂಡಿದ್ವಿ."

"ನಾನೇ ಕೈಯಾರೆ ತೆಗೆದು ಕೊಡ್ತಿದ್ದೆ," ಅಂದರು ಬೀಗದಕೈ. ಸೊಂಟ ಝಣ್ ಅಂದಿತು.

ಕನ್ನಡಕದ ಹೆಂಗಸು ಸ್ಟೂಲಿನ ಕಡೆ ತಿರುಗಿದರು. "ನೀವು ನೋಡಿರ್ತೀರಲ್ಲ. ಹೇಗಿದ್ಲು ಹೇಳಿ."

ಪ್ರಿನ್ಸಿಪಾಲರ ಕೈಯಲ್ಲಿ ಲಕೋಟೆ ಇತ್ತು. ಅದರಲ್ಲಿ ಕಾಯಂ ಪತ್ರ. ಅವರು ಅದನ್ನು ಬೇಕೆಂದೇ ಸ್ವಲ್ಪ ಮೇಲೆತ್ತಿ ಹಿಡಿದಿದ್ದರು. ತುಂಬಾ ಜಾಣೆ ಮೇಡಂ, ಅಂದುಬಿಟ್ಟರೆ ಮುಗಿಯಿತು. ಮೂರೇ ಮಾತು. ಸಣ್ಣಕ್ಕ ಅದನ್ನೇ ಹೇಳಲು ಬಾಯಿ ತೆರೆದಳು. ಹುಳಿತ ಅಂಟು ಗಂಟಲಿಗೆ ಬಂದ ಹಾಗಾಯಿತು.

"ನಾನು ಅವಳಿಗೆ ಒಂದು ಪುಸ್ತಕಾನೂ ಕೊಟ್ಟಿಲ್ಲ," ಅಂದಳು. "ಏಳು ಸಲ ಕೇಳಿದ್ಲು. ಏಳು ಸಲಾನೂ ಇಲ್ಲ ಅಂತ ಬರೆದು ಕೊಟ್ಟೆ. ಅವಳು ಮೇಲಿನ ಓದಿಗೆ ಹೋಗಿಲ್ಲ. ಹಾಸ್ಟೆಲ್ ನೀರು ಕುಡಿದು ಸತ್ತಳು. ಬಾವೀಲಿ ನಾಯಿ ಕೊಳೆತಿತ್ತು. ಈ ಸೀಲೆಲ್ಲ ನಾನು ಹೋದ ವಾರ ಕೂತು ಒತ್ತಿದ್ದು."

"ಇವರಿಗೆ ಸ್ವಲ್ಪ ದಿನದಿಂದ ಆರೋಗ್ಯ ಸರಿ ಇಲ್ಲ," ಅಂದರು ಪ್ರಿನ್ಸಿಪಾಲರು, ನಗುತ್ತಲೇ. ಲಕೋಟೆಯನ್ನು ಎರಡಾಗಿ ಮಡಚಿ ಜೇಬಿಗೆ ಹಾಕಿಕೊಂಡರು. ಗಂಡಸರಲ್ಲಿ ಒಬ್ಬರು ಗಡಿಯಾರ ನೋಡಿ, ಊಟಕ್ಕೆ ಹೊತ್ತಾಯಿತಲ್ಲ ಅಂದರು. ಕನ್ನಡಕದ ಹೆಂಗಸು ಪುಸ್ತಕವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಏನಾದರೂ ಅಂದಾರು ಅಂತ ಸಣ್ಣಕ್ಕ ಕಾದಳು. ಅವರು ಕೈ ಒರೆಸಿಕೊಂಡು ಊಟಕ್ಕೆ ಹೋದರು.

ವರದಿ ಬಂತು. ಅತ್ಯುತ್ತಮ ದರ್ಜೆ. 'ವಿದ್ಯಾರ್ಥಿಗಳ ಓದುವ ಅಭ್ಯಾಸ ವಿಶೇಷವಾಗಿ ಮೆಚ್ಚತಕ್ಕದ್ದು' ಅಂತ ಬರೆದಿತ್ತು. ಕೆಳಗೆ ಮೂರು ಸಹಿ, ಆ ಹೆಂಗಸಿನದೂ ಸೇರಿ. ಸತ್ತ ಹುಡುಗಿ ರಾತ್ರಿಯೆಲ್ಲ ಕತ್ತಲಲ್ಲಿ ಕೂತು ಓದಿದ್ದು, ಅದರ ಮೇಲೆ ಇವರು ದರ್ಜೆ ತೆಗೆದುಕೊಂಡು ಹೊಸ ಫಲಕ ಬರೆಸಿ ಗೇಟಿಗೆ ನೇತುಹಾಕಿದರು. ದೆವ್ವಕ್ಕೆ ಹೆದರುತ್ತೀರಾ ಅಂತ ನನ್ನನ್ನು ಕೇಳುವವರಿಗೆ ನಾನು ಆ ಫಲಕ ತೋರಿಸಬೇಕು ಅಂದುಕೊಳ್ಳುತ್ತೇನೆ.

ತಪಾಸಣೆಯ ದಿನ ಸಂಜೆಯೇ ಸಣ್ಣಕ್ಕನನ್ನು ಬರಬೇಡ ಅಂದರು. ಹೊರಡುವ ಮೊದಲು ಬೀಗದಕೈ ನಾಲ್ಕನೇ ಕಪಾಟು ತೋರಿಸಿ, "ಇಷ್ಟಕ್ಕೂ ವಾಪಸ್ ಸೀಲು ಒತ್ತಿ ಆಮೇಲೆ ಹೋಗಮ್ಮ. ಕೆಲಸ ಅರ್ಧಕ್ಕೆ ಬಿಡಬಾರದು," ಅಂದರು.

ಅವಳು ಸೀಲನ್ನು ಅವರ ಮುಂದೆ ಇಟ್ಟಳು. "ನೀವೇ ಒತ್ತಿ ಸಾರ್. ಕೈಯಾರೆ."

ಅವರು ಸೀಲನ್ನೂ ನೋಡಿದರು, ಕಪಾಟನ್ನೂ ನೋಡಿದರು. ಮುಟ್ಟಲಿಲ್ಲ. ಬೀಗ ಹಾಕಿ ಬಸ್ಸಿಗೆ ಹೋದರು.

ಮೂರು ವಾರ ಕಳೆದ ಮೇಲೆ ಸಣ್ಣಕ್ಕ ಕಾರ್ಡಿನ ಮೇಲಿದ್ದ ವಿಳಾಸ ಹುಡುಕಿಕೊಂಡು ಹೋದಳು. ಹುಡುಗಿಯ ತಾಯಿ ಬಟ್ಟೆ ಹೊಲಿಯುವವರು. ಗಲ್ಲಿಯ ಕೊನೆಗೆ ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಸುತ್ತ ತುಂಡು ಬಟ್ಟೆ. ಸಣ್ಣಕ್ಕ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ತಾನು ಯಾರು, ಏನು ಬರೆದೆ, ಬಾವಿಯಲ್ಲಿ ಏನಿತ್ತು. ರಾತ್ರಿ ಕೇಳಿಸಿದ್ದನ್ನು ಮಾತ್ರ ಹೇಳಲಿಲ್ಲ. ಹೆತ್ತವಳಿಗೆ ಅದನ್ನು ಹೇಗೆ ಹೇಳುವುದು?

ತಾಯಿ ಯಂತ್ರ ತುಳಿಯುವುದನ್ನು ನಿಲ್ಲಿಸಿದರು.

"ನೀನೇನಾ ಆ ಇಲ್ಲ ಅನ್ನೋ ಅಕ್ಕ?" ಅಂದರು. "ಹೇಳ್ತಿದ್ಲು ನಿನ್ನ ಬಗ್ಗೆ."

ಸಣ್ಣಕ್ಕ ತಲೆ ಎತ್ತಲಿಲ್ಲ. ಬೈದಿದ್ದರೆ, ಕತ್ತರಿ ತೆಗೆದು ಎಸೆದಿದ್ದರೆ ಎಷ್ಟೋ ಮೇಲಿತ್ತು ಅಂತ ನನ್ನ ಹತ್ತಿರ ಅಂದಳು. ಆ ತಾಯಿ ಬೈಯಲಿಲ್ಲ. ಎದ್ದು, "ಓದಿದವಳಲ್ವಾ ನೀನು. ಒಂದು ನೋಡಿ ಹೇಳು," ಅಂತ ಒಳಕೋಣೆಗೆ ಕರೆದುಕೊಂಡು ಹೋದರು.

ಒಳಗೆ ಕಿಟಕಿಯ ಕೆಳಗೆ ಒಂದು ಸಣ್ಣ ಮೇಜು. ಮಗಳದು. ಮೇಲೆ ಏನೂ ಇರಲಿಲ್ಲ.

"ನಾಲ್ಕು ವರ್ಷದಿಂದ ಇಲ್ಲಿ ಯಾರೂ ಕೂತಿಲ್ಲ. ನಾನೊಬ್ಬಳೇ ಇರೋದು. ನನಗೆ ಓದು ಬರಹ ಇಲ್ಲ," ಅಂದರು. "ಒಂದು ತಿಂಗಳಿಂದ ದಿನಾ ಬೆಳಿಗ್ಗೆ ಇದನ್ನ ಗುಡಿಸ್ತಿದೀನಿ. ಮೊದಲು ಇಲಿ ಅಂದ್ಕೊಂಡೆ. ಇವತ್ತಿಂದು ಇನ್ನೂ ಗುಡಿಸಿಲ್ಲ, ನೋಡು."

ಸಣ್ಣಕ್ಕ ಬಗ್ಗಿ ನೋಡಿದಳು. ಮೇಜಿನ ಕೆಳಗೆ, ಕೂತವರ ಪಾದ ಇರುವಷ್ಟು ಜಾಗ ಬಿಟ್ಟು, ಅದರ ಸುತ್ತ ಪೆನ್ಸಿಲ್ ಕೆತ್ತಿದ ಸಿಪ್ಪೆ ಬಿದ್ದಿತ್ತು. ಸುರುಳಿ ಸುರುಳಿ, ಅಂಚಿಗೆ ಕೆಂಪು ಬಣ್ಣ. ಎರಡು ಹಿಡಿಯಷ್ಟು.

ನಂಬುವುದು ಬಿಡುವುದು ನಿಮ್ಮ ಇಷ್ಟ. ಅದರಲ್ಲಿ ಒಂದು ಸುರುಳಿಯನ್ನು ಸಣ್ಣಕ್ಕ ಕರವಸ್ತ್ರದಲ್ಲಿ ಕಟ್ಟಿ ತಂದಿದ್ದಾಳೆ. ನಾನು ಕೈಯಲ್ಲಿ ಹಿಡಿದು ಮೂಸಿ ನೋಡಿದ್ದೇನೆ. ಈಗ ತಾನೇ ಕೆತ್ತಿದ ಮರದ ವಾಸನೆ.